ಡೆಬಿಟ್ ಕಡೆ ಹೆಚ್ಚಾದ ಸಾವಿರದ ಇನ್ನೂರ ಅರವತ್ತು

ಡೊಂಬಿವಲಿಯ ಒಂದು ಟ್ಯೂಷನ್ ಕ್ಲಾಸಿನಲ್ಲಿ ಹನ್ನೊಂದನೆಯ ತರಗತಿಗೆ ಬುಕ್ ಕೀಪಿಂಗ್ ಕಲಿಸುವ ಕೆಲಸ ಖಾಲಿಯಿತ್ತು. ಮೊದಲು ಒಂದು ಪಾಠ ಮಾಡಿ ತೋರಿಸಿ ಎಂದಿದ್ದರು. ಅದಕ್ಕಾಗಿ ನಾನೇ ಒಂದು ಟ್ರಯಲ್ ಬ್ಯಾಲೆನ್ಸ್ ಬರೆದುಕೊಂಡು ಅಂಬರನಾಥದಲ್ಲಿ ಲೋಕಲ್ ರೈಲು ಹತ್ತಿದೆ. ಸೀಟು ಸಿಕ್ಕ ಮೇಲೆ ಮತ್ತೊಮ್ಮೆ ಕೂಡಿ ನೋಡಿದರೆ, ಡೆಬಿಟ್ ಕಡೆ ಸಾವಿರದ ಇನ್ನೂರ ಅರವತ್ತು ರೂಪಾಯಿ ಹೆಚ್ಚು! ಎರಡೂ ಕಡೆಯ ಮೊತ್ತ ಸಮನಾಗಿರಲೇಬೇಕು ಎಂದು ಕಲಿಸಲು ಹೊರಟವಳು ನಾನು. ಕಲ್ಯಾಣ ದಾಟಿದರೂ ತಪ್ಪು ಸಿಗಲಿಲ್ಲ. ಬಾಯಿಬಿಟ್ಟೇ ಎಣಿಸುತ್ತಾ ಮತ್ತೆ ಮೊದಲಿನಿಂದ ಕೂಡತೊಡಗಿದೆ.

ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಗಸು, "ಕನ್ನಡದಲ್ಲಿ ಕೂಡ್ತಾ ಇದ್ದೀರಲ್ಲ! ಎಷ್ಟು ವ್ಯತ್ಯಾಸ ಬರ್ತದೆ?" ಎಂದು ಕೇಳಿದರು.

ಹೇಳಿದೆ.

"ಅದನ್ನು ಅರ್ಧ ಮಾಡಿ. ಆರುನೂರ ಮೂವತ್ತು ಎಲ್ಲಾದ್ರೂ ಉಂಟಾ ನೋಡಿ. ಈ ಕಡೆ ಬರೆಯುವುದನ್ನು ಆ ಕಡೆ ಬರೆದರೆ ವ್ಯತ್ಯಾಸ ಡಬಲ್ ಆಗ್ತದೆ. ನಮ್ಮ ಹೋಟೆಲಿನ ಲೆಕ್ಕದಲ್ಲಿ ನನಗೂ ಎಷ್ಟೋ ಸಲ ಹೀಗಾಗಿದೆ."

ಉಂಟು! ಖರೀದಿಸಿ ವಾಪಸು ಕಳಿಸಿದ ಸರಕಿನ ಆರುನೂರ ಮೂವತ್ತು ರೂಪಾಯಿ. ಕ್ರೆಡಿಟ್ ಕಡೆ ಇರಬೇಕಾದದ್ದನ್ನು ಡೆಬಿಟ್ ಕಡೆ ಬರೆದಿದ್ದೆ. ಬದಲಿಸಿ ಕೂಡಿದೆ, ಎರಡೂ ಕಡೆ ಸರಿಯಾಗಿ ತಾಳೆಯಾಯಿತು. ಹೋದ ಜೀವ ಬಂದಂತಾಗಿ ಅವರ ಕೈ ಹಿಡಿದುಕೊಂಡೇಬಿಟ್ಟೆ. ಒಂದಷ್ಟು ಬಟಾಣಿ ಕೆಳಗೆ ಉರುಳಿತು.

"ಇರಲಿ ಬಿಡಿ," ಎಂದು ನಕ್ಕರು. "ಇವತ್ತು ಪರೀಕ್ಷೆಯಾ ನಿಮಗೆ?"

"ಹೌದು" ಎಂದೆ.

ಪಾಠ ಚೆನ್ನಾಗಿಯೇ ಆಯಿತು, ಕೆಲಸವೂ ಸಿಕ್ಕಿತು. ಆದರೆ ಟೀಚರ್ ನಾನೇ ಎಂದು ಅವರಿಗೆ ಹೇಳುವ ಧೈರ್ಯ ಮಾತ್ರ ಡೊಂಬಿವಲಿ ಬರುವವರೆಗೂ ಬರಲಿಲ್ಲ.