ಆಣೆ ಬೇಡವೆಂದ ಶ್ಯಾಮಲಮ್ಮನವರು

ನಮ್ಮ ಸೀಮೆಯ ವೈದ್ಯಸೇವೆಯಲ್ಲಿ ಹೆರಿಗೆ ಮಾಡಿಸಿದವರು, ಊರೂರು ಅಲೆದು ಸಿಡುಬು ಬಾರದಂತೆ ದೇವಿ ಹಾಕಿದವರು ಬಹಳ ಮಂದಿ. ಆದರೆ ಕುಡುಕನೂ ರೋಗಿಯೇ, ಅವನಿಗೂ ಶುಶ್ರೂಷೆ ಸಲ್ಲಬೇಕು ಎಂದು ನಾಲ್ಕು ಜನರೆದುರು ಹೇಳಿ, ಹೇಳಿದಂತೆಯೇ ನಡೆದವರು ನಾನು ಕಂಡಂತೆ ಒಬ್ಬರೇ. ಇದೇ ವರ್ಷ, ೧೯೬೭ರಲ್ಲಿ, ಚಿಕ್ಕಬಳ್ಳಾಪುರದಲ್ಲಿ ನಿವೃತ್ತರಾಗುತ್ತಿರುವ ನರ್ಸ್ ಶ್ರೀಮತಿ ಶ್ಯಾಮಲಮ್ಮನವರೇ ಆ ಪುಣ್ಯಾತ್ಮರು. ಕಾಂಪೌಂಡರ್ ಆಗಿ ಅವರೊಡನೆ ದುಡಿದ ನನಗೆ ಅವರು ಕಲಿಸಿದ್ದಕ್ಕಿಂತ ಬೆಚ್ಚಿಬೀಳಿಸಿದ್ದೇ ಹೆಚ್ಚು.

ಅವರು ಶಿಡ್ಲಘಟ್ಟದ ಆಸ್ಪತ್ರೆಗೆ ಬಂದದ್ದು ೧೯೫೨ರಲ್ಲಿ. ಮಿತಭಾಷಿ, ವಿಧವೆ, ಪತಿ ಕಾಲರಾದಲ್ಲಿ ತೀರಿಕೊಂಡರೆಂದು ಯಾರೋ ಹೇಳಿದ್ದನ್ನು ನಾವೆಲ್ಲ ನಂಬಿದ್ದೆವು. ಬಂದ ಹೊಸದರಲ್ಲೇ, ಕೈ ನಡುಗುತ್ತ ಬಂದ ಕುಡುಕನೊಬ್ಬನನ್ನು ನಾನು ಗದರಿ ಅಟ್ಟುತ್ತಿದ್ದಾಗ ಅವನನ್ನು ಒಳಗೆ ಕರೆದು, ಚಾಪೆ ಹಾಸಿ, ರಾಗಿ ಅಂಬಲಿ ಕುಡಿಸಿದರು. ಸರ್ಕಾರಿ ಆಸ್ಪತ್ರೆಯೋ ಅನ್ನಛತ್ರವೋ ಎಂದು ನಾನು ದಂಗಾಗಿ ನಿಂತೆ.

ಆ ಊರಿನಲ್ಲಿ ಬಯ್ಯಪ್ಪನೆಂಬ ರೇಷ್ಮೆ ನೂಲು ತೆಗೆಯುವವನಿದ್ದ. ಬಾವಿ ತೋಡುವಾಗ ಮಣ್ಣು ಕುಸಿದು ಅವನ ತಮ್ಮ ಸತ್ತಿದ್ದ. ಮೇಲೆ ಹಗ್ಗ ಹಿಡಿದಿದ್ದವನು ಇವನೇ. ಅಂದಿನಿಂದ ಕುಡಿತಕ್ಕೆ ಬಿದ್ದ. ಬಿಡಿಸಲು ನಮ್ಮ ಕಡೆ ಇದ್ದದ್ದು ಒಂದೇ ಮದ್ದು, ಮಗುವಿನ ತಲೆ ಮುಟ್ಟಿಸಿ ಆಣೆ ಇಡಿಸುವುದು. ಅವನು ನೂಲು ತೆಗೆಯುತ್ತಿದ್ದ ಚರಕದ ಯಜಮಾನರಾದ ವೆಂಕಟರವಣಪ್ಪನವರು ಒಳ್ಳೆಯ ಮನಸ್ಸಿನಿಂದಲೇ, ಗಂಗಮ್ಮನ ಗುಡಿಯೆದುರು ಬಯ್ಯಪ್ಪನ ಕೈಯನ್ನು ಅವನ ಪುಟ್ಟ ಮಗಳು ಯಶೋದೆಯ ತಲೆಯ ಮೇಲಿಡಿಸಿದರು. ಕೆಲವು ದಿನ ನಡೆಯಿತು. ಒಂದು ಸಂತೆಯ ದಿನ ಬಯ್ಯಪ್ಪ ಮತ್ತೆ ಕುಡಿದ. ಅದೇ ವಾರ ಮಗು ಜ್ವರ ಬಂದು ಮಲಗಿತು. ಆಣೆ ತಪ್ಪಿದ್ದಕ್ಕೇ ಹೀಗಾಯಿತೆಂದು ಬೀದಿಯೆಲ್ಲ ಆಡಿಕೊಂಡಿತು.

ಬಯ್ಯಪ್ಪ ಕೆರೆಗೆ ಹಾರಿದ. ದನ ಮೇಯಿಸುವವರು ಎಳೆದು ಬದುಕಿಸಿ ಆಸ್ಪತ್ರೆಗೆ ಹೊತ್ತು ತಂದರು. ಒದ್ದೆ ಬಟ್ಟೆಯಲ್ಲಿ ಜಗಲಿಯ ಮೇಲೆ ಮುದುಡಿ ಕೂತು, "ನೇನೇ ಸಂಪಿನಾನಮ್ಮಾ, ತಮ್ಮುಣ್ಣಿ ನೇನೇ, ಬಿಡ್ಡನಿ ನೇನೇ" ಎಂದು ತೆಲುಗಿನಲ್ಲಿ ಗೋಳಾಡುತ್ತಿದ್ದ. ತಮ್ಮನನ್ನೂ ಕೊಂದೆ, ಮಗಳನ್ನೂ ಕೊಂದೆ ಎಂಬುದೊಂದೇ ಮಾತು.

"ಇನ್ನೊಂದು ಸಲ ಗಟ್ಟಿಯಾಗಿ ಆಣೆ ಹಾಕ್ಸೋಣ ಅಮ್ಮ," ಎಂದರು ವೆಂಕಟರವಣಪ್ಪನವರು.

"ಹಾಕ್ಸಬೇಡಿ!" ಶ್ಯಾಮಲಮ್ಮನವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಬಯ್ಯಪ್ಪನ ಎದುರು ನೆಲದ ಮೇಲೆ ಕುಳಿತರು. "ನನ್ನ ಗಂಡನೂ ನನ್ನ ಮಗನ ತಲೆ ಮುಟ್ಟಿ ಆಣೆ ಇಟ್ಟಿದ್ರು ಕಣಪ್ಪ. ತಪ್ಪಿದ್ರು. ಮಗು ಗಂಟಲುಮಾರಿ ಬಂದು ತೀರಿಹೋಯ್ತು. ನೀವೇ ಕೊಂದ್ರಿ ಅಂದ್ಬಿಟ್ಟೆ ನಾನು. ಬೆಳಗಾಗೋ ಹೊತ್ಗೆ ಅವರು ಬಾವೀಲಿದ್ರು. ನರ್ಸ್ ಕೆಲ್ಸ ಕಲಿತ ಮೇಲೆ ಗೊತ್ತಾಯ್ತು, ಗಂಟಲುಮಾರಿಗೂ ಆಣೆಗೂ ಏನೂ ಸಂಬಂಧ ಇಲ್ಲ ಅಂತ. ನಿನ್ನ ಮಗಳಿಗೆ ಬಂದಿರೋದು ದಡಾರ. ನಾನು ನೋಡ್ಕೋತೀನಿ. ನೀನು ಆ ಹಗ್ಗದ ವಿಷಯ ಹೇಳು."

ನನ್ನ ಕೈಲಿದ್ದ ಔಷಧಿಯ ಸೀಸೆ ಜಾರಿ ಒಡೆಯಿತು. ಯಾರೂ ತಿರುಗಿ ನೋಡಲಿಲ್ಲ. ವೆಂಕಟರವಣಪ್ಪನವರು ತಲೆಯ ಪೇಟ ತೆಗೆದು ಕೈಲಿ ಹಿಡಿದುಕೊಂಡರು.

ಬಯ್ಯಪ್ಪ ಹೇಳಿದ. ಕಣ್ಣು ಮುಚ್ಚಿದರೆ ಅಂಗೈಯಲ್ಲಿ ಹಗ್ಗ ಉರಿಯುತ್ತದೆಂದ. ಕುಡಿದರೆ ಮಾತ್ರ ಉರಿ ಆರುತ್ತದೆಂದ. ತಮ್ಮನ ಹೆಸರನ್ನು ಅವನ ಬಾಯಲ್ಲಿ ಊರಿನವರು ಅಲ್ಲಿಯವರೆಗೆ ಕೇಳಿರಲೇ ಇಲ್ಲ. ಮಗು ಉಳಿಯಿತು. ಆದರೆ ಆ ದಿನದಿಂದ ಆತ ಮಗಳ ತಲೆ ಮುಟ್ಟಲು ಮಾತ್ರ ಅಂಜುತ್ತಿದ್ದ.

ಅಮ್ಮನವರ ಜಗಲಿ ಶುರುವಾದದ್ದು ಹಾಗೆ. ಸಂತೆಯ ದಿನ ಕೈಗೆ ಕೂಲಿ ಬರುವ ಹೊತ್ತಿಗೇ ಕುಡಿತ ಕರೆಯುವುದು. ಆದ್ದರಿಂದ ಅಂದು ಮಧ್ಯಾಹ್ನದಿಂದ ಸಂತೆ ಕರಗುವವರೆಗೆ, ಬಿಡಬೇಕೆನ್ನುವವರೂ ಬಿಟ್ಟವರೂ ಆಸ್ಪತ್ರೆಯ ಜಗಲಿಯಲ್ಲಿ ಜೊತೆಯಾಗಿ ಕೂರುವುದು. ಅಂಬಲಿ, ಮಜ್ಜಿಗೆ, ಮಾತು; ತೀರ ನಡುಗುವವರಿಗೆ ಡಾಕ್ಟರರ ಔಷಧಿ. ಬಯ್ಯಪ್ಪ ಆಮೇಲೂ ಜಾರಿದ. ನಾನು ಸಿಡಿಮಿಡಿಗೊಂಡರೆ, "ಬಿದ್ದೋನು ನಮ್ಮ ಬಾಗ್ಲಿಗೇ ಬಂದ್ನಲ್ಲ, ಅದಕ್ಕೇನಂತೀರಿ?" ಎಂದು ನನ್ನ ಬಾಯಿ ಮುಚ್ಚಿಸಿದರು. ಮುಂದೆ ಮಂಚೇನಹಳ್ಳಿ, ಚಿಂತಾಮಣಿ ಎಂದು ವರ್ಗವಾದಲ್ಲೆಲ್ಲ ಒಂದೊಂದು ಜಗಲಿ ಕಟ್ಟಿದರು. ಶಿಡ್ಲಘಟ್ಟದ ಜಗಲಿಯನ್ನು ಇಂದು ನಡೆಸುತ್ತಿರುವವನು ಬಯ್ಯಪ್ಪನೇ.

ಕಳೆದ ತಿಂಗಳು ಯಶೋದೆಯ ಮದುವೆ. ಧಾರೆ ಮುಗಿದು ಹುಡುಗಿ ಕಾಲಿಗೆರಗಿದಾಗ ಬಯ್ಯಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟ. ನೆಂಟರು ಮುಖ ಮುಖ ನೋಡಿಕೊಂಡರು. ಶ್ಯಾಮಲಮ್ಮನವರು ಎದ್ದು ಹೋಗಿ, ಅವನ ಕೈ ಹಿಡಿದು ಮಗಳ ತಲೆಯ ಮೇಲಿಟ್ಟರು.

"ಆಣೆಗಲ್ಲ ಕಣಪ್ಪ, ಆಶೀರ್ವಾದಕ್ಕೆ," ಎಂದರು.

ಅವನು ಮಗುವಿನ ಹಾಗೆ ಅತ್ತ. ಒಂದು ಕಾಲಕ್ಕೆ ಕುಡುಕರನ್ನು ಕಂಡರಾಗದ ನಾನೂ ಅತ್ತೆ. ಇಂಥ ಮಹಾತಾಯಿಗೆ ಭಗವಂತನು ಆಯುರಾರೋಗ್ಯಗಳನ್ನು ದಯಪಾಲಿಸಲಿ, ಅವರ ಸೇವೆಗೆ ನಿವೃತ್ತಿಯೆಂಬುದು ಬಾರದಿರಲಿ. ಜಗಲಿಯನ್ನು ನಡೆಸಿಕೊಂಡು ಹೋಗುತ್ತೇವೆಂದು ಆಣೆ ಇಡೋಣವೆಂದರೆ ಅವರು ಬಿಡುವವರಲ್ಲ. ಬರುವ ಸಂತೆಯ ದಿನ ನಾವೆಲ್ಲ ಅಲ್ಲಿರುತ್ತೇವೆ ಅಮ್ಮ, ತಾವೂ ಬನ್ನಿ.