ಹಾಲಿನ ಬಾಟಲಿಯ ಮುಚ್ಚಳ

ಮಾರಂಡಹಳ್ಳಿಯ ಕಸದ ಶೆಡ್ಡಿನಲ್ಲಿ ನನ್ನ ಕೆಲಸ ಬಾಟಲಿಗಳ ಮುಚ್ಚಳ ತೆಗೆಯುವುದು. ಬಾಟಲಿ ಒಂದು ಜಾತಿಯ ಪ್ಲಾಸ್ಟಿಕ್ಕು, ಮುಚ್ಚಳ ಇನ್ನೊಂದು. ಒಟ್ಟಿಗೆ ಕರಗಿಸಿದರೆ ಎರಡೂ ಕೆಡುತ್ತವೆ. ಮುಚ್ಚಳ ತಿರುಗಿಸಿ ಬೇರೆ ಚೀಲಕ್ಕೆ ಹಾಕಬೇಕು, ಕತ್ತಿನ ಉಂಗುರ ಕುಯ್ಯಬೇಕು, ಒಳಗಿದ್ದದ್ದನ್ನು ಚೆಲ್ಲಿ ಬಾಟಲಿಯನ್ನು ತುಳಿಯಬೇಕು. ಬಿಗಿಯಾಗಿ ಮುಚ್ಚಿ ಎಸೆದ ಬಾಟಲಿ ಗಾಳಿ ತುಂಬಿಕೊಂಡಿರುತ್ತದೆ, ಎಷ್ಟು ತುಳಿದರೂ ಜಗ್ಗುವುದಿಲ್ಲ. ಕುಡಿಯಲು ಬಿಚ್ಚಿದ ಕೈಗೆ ಎಸೆಯುವಾಗ ಬಿಚ್ಚಲು ಏನು ರೋಗ ಎಂದು ದಿನಕ್ಕೆ ನೂರು ಸಲ ಬೈಯುತ್ತೇನೆ. ನನ್ನ ಬಾಯಿ ಊರಿಗೆಲ್ಲ ಗೊತ್ತು.

ಹೋದ ಬೇಸಿಗೆಯಲ್ಲಿ ಸುಡುಗಾಡಿನ ಬೀದಿಯ ಕಸದ ಜೊತೆ ದಿನಾ ಒಂದು ಸಣ್ಣ ಬಾಟಲಿ ಬರತೊಡಗಿತು. ಒಳಗೆ ಅರ್ಧಕ್ಕೆ ಹಾಲು. ಮುಚ್ಚಳದ ನಡುವೆ ಕಾಸಿದ ಸೂಜಿಯಿಂದ ಚುಚ್ಚಿದ ಒಂದೇ ತೂತು. ಅದು ಹೋಗಲಿ, ಬಾಟಲಿಯ ಎರಡೂ ಪಕ್ಕ ಒಳಕ್ಕೆ ಹೋಗಿದ್ದವು, ಯಾರೋ ಬಾಯಿಟ್ಟು ಜೋರಾಗಿ ಚೀಪಿದ ಹಾಗೆ. ಮುಚ್ಚಳ ತಿರುಗಿಸಿದೆ. ಬಾಟಲಿ ಸುಯ್ಯೆಂದು ಉಸಿರು ಎಳೆದುಕೊಂಡಿತು, ಪಕ್ಕೆಗಳು ಟಪ್ಪೆಂದು ಹೊರಗೆ ಬಂದವು. ಹಾಲನ್ನು ಮೋರಿಗೆ ಚೆಲ್ಲಿದೆ.

ನನ್ನ ಪಕ್ಕದಲ್ಲಿ ಕೂತು ಕಸ ಬೇರ್ಪಡಿಸುವ ಅಜ್ಜಿ ಕೈ ಒರೆಸಿಕೊಂಡು ದೂರ ಸರಿದಳು.

"ಅದನ್ನ ಮುಟ್ಟಬ್ಯಾಡ ಕಣೆ. ಯಾವ್ದೋ ಕೂಸು ಬಾಯಿ ಇಟ್ಟೈತೆ."

"ಕೂಸಿಗೂ ಹಲ್ಲಿಲ್ಲ, ನಿಂಗೂ ಹಲ್ಲಿಲ್ಲ. ನೀನೇ ಕುಡಿದಿದ್ದೀಯೇನೋ ನೆಪ್ಪು ಮಾಡ್ಕೋ," ಎಂದೆ.

ಅಜ್ಜಿ ನಗಲಿಲ್ಲ. ನನಗೂ ನಗು ಬರಲಿಲ್ಲ. ಮರುದಿನ ಅಂಥದೇ ಬಾಟಲಿ, ಅದೇ ತೂತು, ಅದೇ ಉಸಿರು. ಅದರ ಮರುದಿನವೂ ಹಾಗೇ. ತೂತಿದ್ದರೂ ಮುಚ್ಚಳ ಮುಚ್ಚಳವೇ ತಾನೆ, ಮುಖ ತಿರುಗಿಸಿಕೊಂಡು ಚೀಲಕ್ಕೆ ಎಸೆಯುತ್ತಿದ್ದೆ. ಭಯವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಮನೆಯಲ್ಲಿ ನೀರಿನ ಬಾಟಲಿ ಬಿಚ್ಚುವಾಗಲೂ ಕಿವಿ ಅತ್ತಲೇ ಇರುತ್ತಿತ್ತು.

ಒಂಬತ್ತನೆಯ ದಿನ ಕಸದ ಗಾಡಿಯವನನ್ನು ಹಿಡಿದು ಕೇಳಿದೆ. "ಸುಡುಗಾಡಿನ ಬೇಲಿ ಪಕ್ಕ ಬಿದ್ದಿರ್ತೈತೆ ಅಕ್ಕಾ, ಎತ್ಕೊಂಡ್ ಬರ್ತೀನಿ. ನಾ ಉಳ್ಳೇ ಪೋಗಮಾಟ್ಟೇನ್," ಎಂದ. ಒಳಗೆ ಮಾತ್ರ ಕಾಲಿಡುವುದಿಲ್ಲವಂತೆ. ಎಸೆಯುವವರು ಸಿಕ್ಕರೆ ಉಗಿದು ಬರೋಣ ಎಂದು ಮಧ್ಯಾಹ್ನ ಊಟ ಬಿಟ್ಟು ನಾನೇ ಹೊರಟೆ.

ಮಟಮಟ ಮಧ್ಯಾಹ್ನ ನಮ್ಮ ಕಡೆ ಹೆಂಗಸರು ಅತ್ತ ತಲೆ ಹಾಕುವುದಿಲ್ಲ. ಸೀಮೆಜಾಲಿಯ ನೆರಳೂ ಕಾಲಡಿಗೆ ಬಂದು ಕೂತಿತ್ತು. ಕಾಗೆ ಸಹ ಇರಲಿಲ್ಲ. ಮೂಲೆಯಲ್ಲಿ ಮೊಣಕೈಯುದ್ದದ ಹೊಸ ಮಣ್ಣಿನ ಗುಡ್ಡೆ. ಅದರ ಮೇಲೆ ಮೂರು ಕಡ್ಡಿ ಕಟ್ಟಿ ಬಾಟಲಿಯನ್ನು ತಲೆಕೆಳಗಾಗಿ ತೂಗುಹಾಕಿದ್ದರು. ಮುಂದೆ ಇಪ್ಪತ್ತರ ಆಸುಪಾಸಿನ ಹೆಣ್ಣೊಬ್ಬಳು ಕೂತಿದ್ದಳು. ಅವಳು ತಿರುಗಿ ನೋಡಲಿಲ್ಲ.

"ಯಾರಾದ್ರೂ ಆಗ್ಲಿ, ಸದ್ದು ಮಾಡಬ್ಯಾಡಿ. ಕುಡೀತೈತೇನೋ ನೋಡಾನ."

ಬೈಗುಳ ಬಾಯಲ್ಲೇ ಉಳಿಯಿತು. ನಾನೂ ಕೂತೆ. ಊರಾಚೆ ಕುರಿ ಸಾಕುವವರ ಮನೆಯ ಸೊಸೆಯಂತೆ ಅವಳು. ಕೂಸು ಮಣ್ಣಾದ ಮೂರನೇ ದಿನ ಗಂಡಸರು ಹಾಲುತುಪ್ಪ ಬಿಟ್ಟು ಹೋಗಿದ್ದರು. ಒಂದೇ ಸಲ ಸುರಿದರೆ ಕೂಸಿಗೆ ತಡೆಯದು ಎಂದು ಅವಳು ದಿನಾ ಬಾಟಲಿ ಕಟ್ಟುತ್ತಿದ್ದಳು. ಇಲ್ಲಿಟ್ಟದ್ದನ್ನು ಮನೆಗೆ ಒಯ್ಯಬಾರದೆಂದು ಹಳೆಯದನ್ನು ಬೇಲಿಯಾಚೆ ಎಸೆಯುತ್ತಿದ್ದಳು.

"ಅನ್ನೆರಡು ದಿನ ಇತ್ತು ಅಕ್ಕ. ಒಂದಿನಾನೂ ನನ್ ಎದೆಗೆ ಬಾಯಿ ಆಕ್ಲಿಲ್ಲ. ಈಗ್ಲೂ ಬ್ಯಾಡ ಅಂತೈತೆ. ನಾಕು ಹನಿ ಕುಡಿದು ಬಿಟ್ಬಿಡ್ತೈತೆ. ಇವತ್ತೂ ಕುಡೀದಿದ್ರೆ ನಾಳೆಯಿಂದ ಓಗಲೇಬ್ಯಾಡ, ಅದಕ್ಕೆ ನಿನ್ ಕಂಡ್ರೆ ಆಗಲ್ಲ ಅಂತಾರೆ ನಮ್ಮತ್ತೆ."

ಅವಳ ರವಿಕೆಯ ಮುಂಭಾಗ ಒದ್ದೆಯಾಗಿತ್ತು. ನಾನು ಇಷ್ಟು ದಿನ ಮೋರಿಗೆ ಚೆಲ್ಲಿದ್ದು ಯಾರ ಹಾಲೆಂದು ಆಗ ತಿಳಿಯಿತು.

ಬಾಟಲಿಯ ಮುಚ್ಚಳ ನೋಡಿದೆ. ತಾಯಿ ಸತ್ತ ಕುರಿಮರಿಗೆ ಹಾಲು ಕೊಡಲು ಅವರ ಮನೆಗಳಲ್ಲಿ ಹೀಗೆಯೇ ಒಂದು ತೂತು ಮಾಡುತ್ತಾರೆ. ಮರಿ ಚೀಪುತ್ತದೆ, ಹಾಲು ಬರುತ್ತದೆ. ಚೀಪುವ ಬಾಯಿಲ್ಲದಿದ್ದರೆ ನಾಲ್ಕು ಹನಿ ಬಿದ್ದು ನಿಲ್ಲುತ್ತದೆ. ಒಳಗೆ ಗಾಳಿ ಹೋಗಲು ದಾರಿಯಿಲ್ಲ, ಅದಕ್ಕೇ ಪಕ್ಕಗಳು ಒಳಕ್ಕೆ ಹೋಗುತ್ತವೆ. ಇಷ್ಟೇ. ದಿನವಿಡೀ ಮುಚ್ಚಳ ಬಿಚ್ಚುವ ನನಗೆ ಇದು ಹೊಳೆಯದೆ, ಒಂಬತ್ತು ದಿನ ದೆವ್ವವೆಂದು ನಡುಗಿದ್ದೆ.

"ಕೂಸಿನ ತಪ್ಪಲ್ಲ ಕಣಮ್ಮ, ನಿಂದೂ ಅಲ್ಲ," ಎಂದೆ. "ಮುಚ್ಚಳ ಬಿಗಿಯಾಗೈತೆ. ಗಾಳಿ ಓಗಬೇಕು."

ಅವಳಿಗೆ ಅರ್ಥವಾಯಿತೋ ಇಲ್ಲವೋ. ನಾನು ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿದೆ. ಬಾಟಲಿ ಸುಯ್ಯೆಂದಿತು. ಹಾಲು ಸಣ್ಣ ಧಾರೆಯಾಗಿ ಇಳಿಯಿತು, ಮಣ್ಣು ಎಳೆದುಕೊಂಡಿತು. ಬಿದ್ದಷ್ಟೂ ಇಂಗುತ್ತಲೇ ಇತ್ತು.

ಅವಳು ಬಗ್ಗಿ ಗುಡ್ಡೆಗೆ ಕೆನ್ನೆ ಇಟ್ಟಳು. ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ಮಣ್ಣನ್ನು ತಟ್ಟುತ್ತಾ, ಮಗ್ಗುಲಲ್ಲಿ ಮಲಗಿದ ಕೂಸಿಗೆ ಹೇಳುವ ದನಿಯಲ್ಲಿ ಹೇಳಿದಳು:

"ಮೆಲ್ಲಗೆ ಕುಡಿಯೋ ಕಂದ, ನೆತ್ತಿಗೆ ಹತ್ತೀತು."

ನಾನು ಕೈ ಚಾಚಿ ಮುಚ್ಚಳವನ್ನು ಒಂದಿಷ್ಟು ಬಿಗಿ ಮಾಡಿದೆ.