ಪೇದೆ ಕೇಳಿದ ಕಜಾಕ್ ಸಂಗೀತ

ಎರಡನೇ ಮಹಾಯುದ್ಧದ ಕಾಲ. ಹೊರದೇಶದ ಸ್ಟೇಷನ್ನು ಕೇಳಿದರೆ ಹಿಡಿದುಕೊಂಡು ಹೋಗುತ್ತಾರೆಂದು ಮದ್ದೂರೆಲ್ಲ ಗುಲ್ಲು. ರೇಡಿಯೋ ರಿಪೇರಿಯ ಸಾಬರು ತಮ್ಮ ಅಂಗಡಿಯ ರೇಡಿಯೋದ ತಿರುಪಿಗೆ ದಾರ ಕಟ್ಟಿದ್ದರು. ಪೊಲೀಸರ ನೆರಳು ಕಂಡರೆ ಒಂದೇ ಎಳೆತಕ್ಕೆ ಮುಳ್ಳು ಮೈಸೂರು ಸ್ಟೇಷನ್ನಿಗೆ ಬರಬೇಕು. ಪಿಟೀಲು ಕಲಿಯುತ್ತಿದ್ದ ನನ್ನ ಹಾಳು ಕಿವಿಗೆ ಹೊರಗಿನದೇ ಬೇಕು. ಹೆದರಿಕೊಂಡೇ ಹೋಗಿ ಕೂರುತ್ತಿದ್ದೆ.

ಆ ಸಂಜೆ ಎರಡೇ ತಂತಿಯ ವಾದ್ಯವೊಂದು ಕುದುರೆಯಂತೆ ಓಡುತ್ತಿತ್ತು. ಕಜಾಕ್ ಸಂಗೀತಗಾರನೊಬ್ಬ ಸೋವಿಯತ್ ನಾಯಕನನ್ನು ಹೊಗಳಿ ಕಟ್ಟಿದ್ದಂತೆ. ರೇಡಿಯೋದವರ ಉರ್ದು ಕೇಳಿ ಸಾಬರು ಹೇಳಿದರು. ಅಷ್ಟರಲ್ಲಿ ಪೇದೆ ಬಾಗಿಲಿಗೆ ಬಂದ. ಸಾಬರು ಎಳೆದರು. ದಾರ ಕಿತ್ತು ಕೈಗೆ ಬಂತು. ವಾದ್ಯ ಓಡುತ್ತಲೇ ಇತ್ತು.

“ಯಾವೂರುದ್ಲಾ ಇದು?”

“ರಷ್ಯಾದ್ದು ಸ್ವಾಮಿ, ನಮ್ಮ ಕಡೆಯವರೇ. ಅವರ ದೊರೆನ ಹೊಗಳ್ತಾವ್ರೆ,” ಅಂದರು ಸಾಬರು.

ಪೇದೆ ಕೊನೆಯವರೆಗೂ ನಿಂತು ಕೇಳಿದ.

“ಒಗಳೋನು ಯಾಕ್ಲಾ ಇಂಗೆ ಎದ್ರುಕೊಂಡು ಬಾರಿಸ್ತಾವ್ನೆ?” ಅಂದ.